ಉತ್ತರಹಳ್ಳಿ ಕಡೆ ಮೊದಲ ಮನೆ: ಬಾಡಿಗೆ 26,000, ಭೋಗ್ಯ 18 ಲಕ್ಷ, ಫ್ಲಾಟ್ 78 ಲಕ್ಷ. ಯಾವುದು?

ಎರಡನೇ_ಮಹಡಿ:

ಲೆಕ್ಕ ನೇರವಾಗಿ ಇಡ್ತೀನಿ. ಇಬ್ಬರ ಸಂಬಳ ಸೇರಿ ಕೈಗೆ ಬರೋದು ತಿಂಗಳಿಗೆ 1.35 ಲಕ್ಷ. ಉಳಿತಾಯ 24 ಲಕ್ಷ, ಬೇರೆ ಸಾಲ ಇಲ್ಲ. ಈಗಿರೋದು ಬೆಂಗಳೂರಿನ ಉತ್ತರಹಳ್ಳಿ ಕಡೆ 2 ಬಿಎಚ್‌ಕೆ, ಬಾಡಿಗೆ 26,000, ಪ್ರತಿ 11 ತಿಂಗಳಿಗೆ 5% ಏರಿಕೆ.

ಮುಂದಿರೋ ದಾರಿಗಳು:

1) 9 ವರ್ಷ ಹಳೆಯ ಫ್ಲಾಟ್, 1,150 ಚದರಡಿ (ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್), ಎ ಖಾತಾ (ನಿಯಮ ಪ್ರಕಾರ ಇರೋ ಆಸ್ತಿಯ ಪಾಲಿಕೆ ಖಾತೆ), ಓಸಿ (ನಕ್ಷೆ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅನ್ನೋ ಪತ್ರ) ಇದೆ ಅಂತಾರೆ. 78 ಲಕ್ಷ.

2) ಎರಡು ಬೀದಿ ಆಚೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಫ್ಲಾಟ್ 62 ಲಕ್ಷಕ್ಕೆ. ಬಿ ಖಾತಾ (ನಿಯಮ ಪೂರ್ತಿ ಪಾಲಿಸದ ಆಸ್ತಿಯದು), ಓಸಿ ಇಲ್ಲ. "ಇ-ಖಾತಾ ಆಗಿದೆ ಸರ್, ಏನೂ ತೊಂದರೆ ಇಲ್ಲ" ಅಂತ ಬ್ರೋಕರ್ ಮಾತು.

3) ಈಗಿನ ಮನೆಯ ಮಾಲೀಕರೇ ಹೇಳ್ತಿದ್ದಾರೆ: 18 ಲಕ್ಷ ಕೊಡಿ, 3 ವರ್ಷ ಭೋಗ್ಯಕ್ಕೆ ಇರಿ, ಬಾಡಿಗೆ ಬೇಡ, ಅವಧಿ ಮುಗಿದ ಮೇಲೆ ದುಡ್ಡು ವಾಪಸ್.

ಏನೂ ಮಾಡದೆ ಬಾಡಿಗೆಯಲ್ಲೇ ಮುಂದುವರಿಯೋದು ನಾಲ್ಕನೆಯದು. "ಬಾಡಿಗೆಗೆ ಕೊಡೋ ದುಡ್ಡು ಇಎಂಐಗೆ ಕಟ್ಟಿದರೆ ಮನೆ ನಿಮ್ಮದಾಗುತ್ತೆ" ಅನ್ನೋ ಮಾತು ಎಲ್ಲರ ಬಾಯಲ್ಲೂ ಕೇಳಿ ಸಾಕಾಗಿದೆ. ನಿಜವಾಗಿ ಅದು ಹಾಗೇ ಇದೆಯಾ?

ಬಡ್ಡಿಲೆಕ್ಕ:

ಇಲ್ಲ, ಹಾಗಿಲ್ಲ. ಬಾಡಿಗೆಯನ್ನ ಇಎಂಐ ಪಕ್ಕ ಇಟ್ಟು ನೋಡೋದೇ ಮೊದಲ ತಪ್ಪು. ಇಎಂಐನಲ್ಲಿ ಅಸಲು ಭಾಗ ನಿಮ್ಮದೇ ಉಳಿತಾಯ. ಬಾಡಿಗೆ ಪಕ್ಕ ಇಡಬೇಕಾದ್ದು ತಿರುಗಿ ಬಾರದ ದುಡ್ಡನ್ನ, ಅಂದ್ರೆ ಬಡ್ಡಿ, ಮೆಂಟೆನೆನ್ಸ್, ಕಂದಾಯ, ಜೊತೆಗೆ ನೀವು ಕೈಯಿಂದ ಹಾಕಿದ ಹಣ ಬೇರೆ ಕಡೆ ಇದ್ದಿದ್ರೆ ಬರ್ತಿದ್ದ ಬಡ್ಡಿ.

ನಿಮ್ಮ ಮೊದಲ ಫ್ಲಾಟ್ ತಗೊಳ್ಳಿ. ಸಾಲದ ಮೊತ್ತ 30ರಿಂದ 75 ಲಕ್ಷದೊಳಗೆ ಇದ್ದರೆ ಮನೆ ಬೆಲೆಯ 80%ಗಿಂತ ಹೆಚ್ಚು ಕೊಡಬಾರದು ಅಂತ ಆರ್‌ಬಿಐ ನಿಯಮ. 78 ಲಕ್ಷಕ್ಕೆ 62.4 ಲಕ್ಷ ಸಾಲ, 15.6 ಲಕ್ಷ ನಿಮ್ಮದು. ಬ್ಯಾಂಕಿನ ಎಂಜಿನಿಯರ್ ಕಟ್ಟುವ ಬೆಲೆ 78ಕ್ಕಿಂತ ಕಡಿಮೆ ಬಂದರೆ 80% ಅದರ ಮೇಲೆ, ಅದನ್ನ ಮರೀಬೇಡಿ. ನೋಂದಣಿ ಖರ್ಚಿಗೆ ಬ್ಯಾಂಕ್ ಸಾಲ ಸೇರಲ್ಲ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದ್ರೆ 5,92,800 ರೂಪಾಯಿ. ಬ್ರೋಕರ್ 1% ಅಂದ್ರೂ 78,000. ವಕೀಲರು, ಬ್ಯಾಂಕಿನ ಪ್ರೊಸೆಸಿಂಗ್, ಹಕ್ಕುಪತ್ರ ಅಡವಿಡುವ ಪತ್ರದ ಶುಲ್ಕ, ಖಾತಾ ಬದಲಾವಣೆ ಎಲ್ಲ ಸೇರಿ ಇನ್ನೊಂದು ಲಕ್ಷ. ಬಣ್ಣ ಬಳಿಯೋ ಮೊದಲೇ 23.3 ಲಕ್ಷ ಹೋಯ್ತು. ಉಳಿದದ್ದು 70 ಸಾವಿರ. ಇದೇ ನನಗೆ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಆರು ತಿಂಗಳ ಖರ್ಚು ಪಕ್ಕಕ್ಕಿಡದೆ ಈ ಬೆಲೆಗೆ ಕೈ ಹಾಕಬೇಡಿ.

ತಿಂಗಳ ಲೆಕ್ಕ: 8% ಬಡ್ಡಿ, 20 ವರ್ಷ ಅಂದ್ರೆ ಲಕ್ಷಕ್ಕೆ 836 ರೂಪಾಯಿ, ಇಎಂಐ ಸುಮಾರು 52,200. ಮೊದಲ ತಿಂಗಳು ಅದರಲ್ಲಿ ಬಡ್ಡಿಯೇ 41,600. ಮೆಂಟೆನೆನ್ಸ್ ಚದರಡಿಗೆ 3.50 ಹಿಡಿದರೆ 4,025, ಕಂದಾಯ ತಿಂಗಳಿಗೆ 500 ಅಂತ ಇಟ್ಕೊಳ್ಳಿ. ಕೈಯಿಂದ ಹಾಕಿದ 23.3 ಲಕ್ಷಕ್ಕೆ 6% ಅಂದ್ರೂ 11,650. ಒಟ್ಟು 57,775. ಬಾಡಿಗೆ 26,000. ವ್ಯತ್ಯಾಸ ವರ್ಷಕ್ಕೆ 3.8 ಲಕ್ಷ, ಅಂದ್ರೆ 78 ಲಕ್ಷದ ಮೇಲೆ ಹತ್ತಿರ ಹತ್ತಿರ 4.9%. ಫ್ಲಾಟಿನ ಬೆಲೆ ವರ್ಷಕ್ಕೆ ಅಷ್ಟು ಏರಿದರೆ ಸರಿಸಮ, ಏರದಿದ್ದರೆ ಬಾಡಿಗೆಯೇ ಅಗ್ಗ. ನೋಂದಣಿ ಮತ್ತು ಬ್ರೋಕರಿಗೆ ಹೋದ 6.7 ಲಕ್ಷವನ್ನ ಮಾರುವಾಗ ಯಾರೂ ವಾಪಸ್ ಕೊಡಲ್ಲ, ಅದು ಬೇರೆ. ಏಳು ವರ್ಷ ಇದ್ದರೆ ತಿಂಗಳಿಗೆ 8,000 ಬೀಳುತ್ತೆ, ಮೂರೇ ವರ್ಷಕ್ಕೆ ಮಾರಿದರೆ 18,600.

ಇನ್ನೊಂದು ಮಗ್ಗುಲು: ಬಾಡಿಗೆ ವರ್ಷಕ್ಕೆ 5% ಏರಿದರೆ 16ನೇ ವರ್ಷ 54,000 ದಾಟುತ್ತೆ, ಇಎಂಐ ಅಲ್ಲೇ ಇರುತ್ತೆ. ಹಾಗಾಗಿ 10 ವರ್ಷಕ್ಕಿಂತ ಹೆಚ್ಚು ಅದೇ ಕಡೆ ಇರೋರಿಗೆ ಕೊಳ್ಳೋದು ನಿಧಾನಕ್ಕೆ ಗೆಲ್ಲುತ್ತೆ. "ಇಎಂಐ ಅಲ್ಲೇ ಇರುತ್ತೆ" ಅನ್ನೋದೂ ಪೂರ್ತಿ ನಿಜ ಅಲ್ಲ. ಫ್ಲೋಟಿಂಗ್ ದರ 8ರಿಂದ 9 ಆದರೆ ಸಾಮಾನ್ಯವಾಗಿ ಬ್ಯಾಂಕ್ ಕಂತು ಏರಿಸದೆ ಅವಧಿ ಹಿಗ್ಗಿಸುತ್ತೆ. ಅದೇ 52,200 ಕಟ್ಟುತ್ತಾ ಹೋದರೆ 20 ವರ್ಷದ ಸಾಲ 25 ವರ್ಷ ದಾಟುತ್ತೆ. ದರ ಬದಲಾದಾಗ "ಅವಧಿ ಬೇಡ, ಕಂತು ಏರಿಸಿ" ಅಂತ ಬರೆದು ಕೊಡಿ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಅದೇ ಸಾಲ 17 ವರ್ಷದೊಳಗೆ ಮುಗಿಯುತ್ತೆ. ಫ್ಲೋಟಿಂಗ್ ಗೃಹಸಾಲಕ್ಕೆ ಮುಂಚಿತ ಪಾವತಿಗೆ ದಂಡ ಇಲ್ಲ.

ತೆರಿಗೆ ಉಳಿಯುತ್ತೆ ಅನ್ನೋ ವಾದವನ್ನ ಹೊಸ ಪದ್ಧತಿಯಲ್ಲಿ ಇರೋರು ಪೂರ್ತಿ ಬಿಟ್ಟುಬಿಡಿ. ಸ್ವಂತಕ್ಕೆ ವಾಸ ಮಾಡೋ ಮನೆಯ ಬಡ್ಡಿಗೆ ಅಲ್ಲಿ ಕಡಿತ ಇಲ್ಲ.

ಚಕ್ಕುಬಂದಿ:

ಬಡ್ಡಿಲೆಕ್ಕ ಅವರು ದುಡ್ಡಿನ ಮಾತು ಮುಗಿಸಿದ್ದಾರೆ. ನಾನು 62 ಲಕ್ಷದ ಫ್ಲಾಟಿಗೆ ಬರುತ್ತೇನೆ.

"ಇ-ಖಾತಾ ಆಗಿದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಇ-ಖಾತಾ ಎಂದರೆ ಖಾತೆ ಕಂಪ್ಯೂಟರಿನಲ್ಲಿದೆ ಎಂದಷ್ಟೇ ಅರ್ಥ. ಎ ಖಾತಾಗೂ ಇ-ಖಾತಾ ಬರುತ್ತದೆ, ಬಿ ಖಾತಾಗೂ ಬರುತ್ತದೆ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಅದಿಲ್ಲದೆ ನೋಂದಣಿಯೇ ಇಲ್ಲ, ಆದ್ದರಿಂದ ಮಾರುವವರೆಲ್ಲ ಮಾಡಿಸಿಕೊಂಡೇ ಇರುತ್ತಾರೆ. ಕಾಗದದ ತಲೆಯಲ್ಲಿ ಎ ಎಂದಿದೆಯೋ ಬಿ ಎಂದಿದೆಯೋ ಅಷ್ಟು ನೋಡಿ. ಖಾತೆ ತೆರಿಗೆ ಕಟ್ಟುವ ಲೆಕ್ಕವೇ ಹೊರತು ಮಾಲೀಕತ್ವದ ಪತ್ರವಲ್ಲ ಎಂಬುದೂ ತಲೆಯಲ್ಲಿರಲಿ.

16 ಲಕ್ಷ ಅಗ್ಗ ಎಂಬುದನ್ನು ಲೆಕ್ಕ ಹಾಕೋಣ. ಬಿ ಖಾತಾಗೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಡುವ ಹೌಸಿಂಗ್ ಫೈನಾನ್ಸ್‌ನವರು 10% ಕೇಳಿ, 75% ಕೊಟ್ಟರು ಎಂದಿಟ್ಟುಕೊಳ್ಳಿ. 46.5 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿ 38,750. ಎ ಖಾತಾ ಫ್ಲಾಟಿನದ್ದು 41,600. ತಿಂಗಳಿಗೆ 2,850 ರೂಪಾಯಿ ಉಳಿಸಲು ಓಸಿ ಇಲ್ಲದ ಕಟ್ಟಡ ಕೊಳ್ಳುತ್ತಿದ್ದೀರಿ. ಕೈಯಿಂದ ಹಾಕುವುದೂ 15.5 ಲಕ್ಷ, ಅಲ್ಲೂ ಉಳಿತಾಯವಿಲ್ಲ. ನಾಳೆ ನಿಮ್ಮಿಂದ ಕೊಳ್ಳುವವನಿಗೂ ಇದೇ ಸಾಲದ ತೊಡಕು, ಅವನೂ ಬೆಲೆ ಇಳಿಸಿಯೇ ಕೇಳುತ್ತಾನೆ.

ಓಸಿ ಸಿಗದಿರುವುದಕ್ಕೆ ಸಾಮಾನ್ಯ ಕಾರಣ ನಕ್ಷೆ ಮೀರಿ ಕಟ್ಟಿರುವುದು: ಒಂದು ಮಹಡಿ ಹೆಚ್ಚು, ಸುತ್ತ ಬಿಡಬೇಕಾದ ಜಾಗ ಕಡಿಮೆ, ಪಾರ್ಕಿಂಗ್ ಜಾಗದಲ್ಲಿ ಮನೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಓಸಿ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದಿದೆ. ಹಳೆಯ ಸಂಪರ್ಕ ಇದೆಯಲ್ಲ ಎಂದು ಬ್ರೋಕರ್ ಹೇಳಬಹುದು. ಮಾರುವ ದಿನ ಆ ಮಾತು ಕೆಲಸಕ್ಕೆ ಬರುವುದಿಲ್ಲ.

78 ಲಕ್ಷದ್ದಕ್ಕೆ ಬರೋಣ. "ಓಸಿ ಇದೆ ಅಂತಾರೆ" ಸಾಲದು, ಪ್ರತಿ ಕೈಗೆ ತೆಗೆದುಕೊಳ್ಳಿ. ಕೆಲವು ಕಡೆ ಭಾಗಶಃ ಓಸಿ ಇರುತ್ತದೆ, ಎಷ್ಟನೇ ಮಹಡಿವರೆಗೆ ಎಂದು ಓದಿ. ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) 30 ವರ್ಷದ್ದು ಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಹಾಕಬೇಕು. ನಮೂನೆ 15 ಬಂದರೆ ವ್ಯವಹಾರಗಳಿವೆ, 16 ಬಂದರೆ ಏನೂ ಇಲ್ಲ. 9 ವರ್ಷ ಹಳೆಯ ಫ್ಲಾಟಿಗೆ 16 ಬಂದರೆ ಖುಷಿಪಡಬೇಡಿ: ಸರ್ವೆ ನಂಬರೋ ಚಕ್ಕುಬಂದಿಯೋ (ನಾಲ್ಕು ದಿಕ್ಕಿನ ಗಡಿ ವಿವರ) ತಪ್ಪು ಕೊಟ್ಟು ತೆಗೆಸಿದ್ದಾರೆ.

ಫ್ಲಾಟಿಗೊಂದು ಇಸಿ, ಅದು ನಿಂತಿರುವ ಜಮೀನಿಗೆ ಇನ್ನೊಂದು. ಇಲ್ಲಿನ ಹೆಚ್ಚಿನ ಅಪಾರ್ಟ್‌ಮೆಂಟುಗಳು ಜಂಟಿ ಅಭಿವೃದ್ಧಿ ಕರಾರಿನವು. ಯಾವ ಮನೆ ಬಿಲ್ಡರ್ ಪಾಲು, ಯಾವುದು ಭೂಮಾಲೀಕರ ಪಾಲು ಎಂಬ ಹಂಚಿಕೆ ಪತ್ರ ಕೇಳಿ. ನಿಮ್ಮ ಫ್ಲಾಟನ್ನು ಮೊದಲು ಮಾರಿದವರು ಆ ಪತ್ರದ ಪ್ರಕಾರ ಮಾರುವ ಹಕ್ಕುಳ್ಳವರೇ ಆಗಿರಬೇಕು. ಇದನ್ನು ನೋಡದೆ ಕೊಂಡವರೇ ಹೆಚ್ಚು.

ಜಮೀನು ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಇಟ್ಟುಕೊಂಡು ಒಂದೊಂದೇ ಹೆಸರಿಗೆ ಸಹಿ ಹುಡುಕಿ, ಹೆಣ್ಣುಮಕ್ಕಳದ್ದು ಮುಖ್ಯವಾಗಿ. ಮದುವೆಯಾಗಿ ಹೋದವರು ಎಂದು ಬಿಟ್ಟಿದ್ದರೆ ಅಲ್ಲೇ ದಾವೆಯ ಬೀಜ ಇದೆ. ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಸಿಂಧು, ಮೇಲೆ ಎಷ್ಟು ಮಹಡಿ ಎದ್ದಿದ್ದರೂ. ಭೂಪರಿವರ್ತನೆ ಆದೇಶದ ಸರ್ವೆ ನಂಬರು, ವಿಸ್ತೀರ್ಣ ಮೂಲ ಪತ್ರದೊಂದಿಗೆ ಗುಂಟೆ ಗುಂಟೆ ತಾಳೆಯಾಗಬೇಕು.

ಬ್ಯಾಂಕಿನ ವಕೀಲರು ನೋಡುತ್ತಾರಲ್ಲ ಎಂದು ಬಿಡಬೇಡಿ. ಅವರು ಬ್ಯಾಂಕಿನ ಸಾಲ ವಸೂಲಿ ಆಗುತ್ತದೋ ಎಂದು ನೋಡುವವರು. ನಿಮ್ಮದೇ ವಕೀಲರು ಬೇಕು, ಬಿಲ್ಡರ್ ಅಥವಾ ಬ್ರೋಕರ್ ಪರಿಚಯಿಸಿದವರು ಬೇಡ.

ಮುದ್ರಾಂಕ:

ಭೋಗ್ಯದ ಬಗ್ಗೆ ಯಾರೂ ಬರೆದಿಲ್ಲವಲ್ಲ.

18 ಲಕ್ಷಕ್ಕೆ 6.5% ಬಡ್ಡಿ ತಿಂಗಳಿಗೆ 9,750. ಬಾಡಿಗೆ 26,000 ಉಳಿಯುತ್ತೆ. ನಿಮ್ಮ ಕಡೆಯಿಂದ ನೋಡಿದ್ರೆ ಹಬ್ಬ. ಈಗ ಮಾಲೀಕರ ಕಡೆ ಹೋಗಿ ನಿಂತು ನೋಡಿ: 18 ಲಕ್ಷಕ್ಕೋಸ್ಕರ ವರ್ಷಕ್ಕೆ 3.12 ಲಕ್ಷ ಬಾಡಿಗೆ ಬಿಡ್ತಿದ್ದಾರೆ. ಅದು 17% ಬಡ್ಡಿಯ ಸಾಲ. ಅದೇ ಮನೆ ಅಡವಿಟ್ರೆ ಬ್ಯಾಂಕಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತೆ. ಯಾಕೆ ಅಲ್ಲಿ ಹೋಗಿಲ್ಲ? ಒಂದೋ ಈಗಾಗಲೇ ಅಡವಿದೆ, ಒಂದೋ ಪತ್ರ ಸರಿಯಿಲ್ಲ, ಒಂದೋ ಕಂತು ಕಟ್ಟದೆ ಕ್ರೆಡಿಟ್ ಸ್ಕೋರ್ ಬಿದ್ದಿದೆ. ಅದ್ಯಾವುದೂ ಇಲ್ಲದೆ, ಮಗಳ ಮದುವೆಗೆ ಬೇಗ ದುಡ್ಡು ಬೇಕು ಅನ್ನೋರೂ ಇದ್ದಾರೆ. ಯಾವುದು ಅಂತ ನೀವೇ ಪತ್ತೆ ಮಾಡ್ಬೇಕು.

ಮಾಡೋ ಕೆಲಸ: ಆ ಮನೆ ಇಸಿ ತೆಗೆಸಿ, ಅಡಮಾನ ನಮೂದಾಗಿದೆಯಾ ನೋಡಿ. ಇಸಿಯಲ್ಲಿ ಕಾಣದ ಅಡಮಾನಗಳೂ ಇರ್ತವೆ, ಅದಕ್ಕೆ ಬ್ಯಾಂಕ್ ಅಡಮಾನಗಳು ದಾಖಲಾಗೋ ಸೆರ್ಸಾಯ್ ಜಾಲತಾಣದಲ್ಲಿ ಆಸ್ತಿ ವಿವರ ಹಾಕಿ ಹುಡುಕಿ. ಶುಲ್ಕ ಅತ್ಯಲ್ಪ. ಬ್ಯಾಂಕ್ ಸಾಲ ಇದ್ದು ಮಾಲೀಕರು ಕಂತು ನಿಲ್ಲಿಸಿದ್ರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಬಾಗಿಲಿಗೆ ನೋಟಿಸ್ ಅಂಟಿಸಿ, ಮನೆ ಹರಾಜು ಹಾಕಬಹುದು. ಅಡಮಾನ ಮೊದಲು, ನಿಮ್ಮ ಭೋಗ್ಯ ಆಮೇಲೆ. ಹರಾಜಿನ ದುಡ್ಡಲ್ಲಿ ನಿಮ್ಮ ಪಾಲಿಗೆ ಏನೂ ಉಳಿಯದೇ ಇರಬಹುದು. 18 ಲಕ್ಷಕ್ಕೆ ಮಾಲೀಕರ ಮೇಲೆ ದಾವೆ ಹೂಡ್ಕೊಂಡು ಕೂರ್ಬೇಕು, ಅಷ್ಟೇ.

ಎರಡನೇದು, ಕರಾರು ನೋಂದಣಿ ಆಗ್ಲೇಬೇಕು. ಬಾಡಿಗೆಗೆ 11 ತಿಂಗಳ ಕರಾರು ಬರೆಯೋದು ಒಂದು ವರ್ಷ ಮೀರಿದ್ರೆ ನೋಂದಣಿ ಕಡ್ಡಾಯ ಅಂತಲೇ. 3 ವರ್ಷದ ಭೋಗ್ಯವನ್ನ ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಹತ್ರ ಸೀಲ್ ಹಾಕಿಸಿದ್ರೆ, ನೀವು 3 ವರ್ಷ ಇರೋ ಹಕ್ಕನ್ನ ಅದು ಕಾಪಾಡಲ್ಲ. ನೋಂದಣಿ ಆದ್ರೆ ಇಸಿಯಲ್ಲಿ ಬರುತ್ತೆ, ಆ ಮನೆ ಮೇಲೆ ಮುಂದೆ ಸಾಲ ಕೊಡೋರ, ಕೊಳ್ಳೋರ ಕಣ್ಣಿಗೆ ಬೀಳುತ್ತೆ. "ನೋಂದಣಿ ಯಾಕೆ ಬಿಡಿ, ನಂಬಿಕೆ ಇಲ್ವಾ" ಅಂದ್ರೆ ಅಲ್ಲೇ ಕೈಬಿಡಿ. ದುಡ್ಡು ಬ್ಯಾಂಕ್ ಮೂಲಕವೇ, ನಗದು ಬೇಡವೇ ಬೇಡ.

ಮೂರನೇದು, ಅವಧಿ ಮುಗಿದಾಗ ಹೆಚ್ಚಿನ ಮಾಲೀಕರು ಮುಂದಿನ ಭೋಗ್ಯದವರ ದುಡ್ಡಲ್ಲೇ ನಿಮಗೆ ವಾಪಸ್ ಕೊಡೋದು. ಮುಂದಿನವರು ಸಿಗೋವರೆಗೆ ನೀವು ಕಾಯೋದು. ಪೂರ್ತಿ ಹಣ ಕೈಗೆ ಬರೋವರೆಗೂ ಕೀಲಿ ಕೊಡಲ್ಲ ಅನ್ನೋ ಸಾಲು ಕರಾರಿನಲ್ಲಿ ಇರ್ಲಿ.

ಕೆ_ಆರ್_ಬಡಾವಣೆ:

ಎಲ್ಲಾ ಸರಿ, ಆದ್ರೆ ಬಡ್ಡಿಲೆಕ್ಕ ಸರ್ ಒಂದನ್ನ ಲೆಕ್ಕಕ್ಕೆ ತಗೊಂಡಿಲ್ಲ. ಮಗು ಶಾಲೆಗೆ ಸೇರಿದ ವರ್ಷವೇ "ಮಗನಿಗೆ ಮನೆ ಬೇಕು, ಖಾಲಿ ಮಾಡಿ" ಅಂದ್ರೆ? ಪ್ಯಾಕರ್ಸ್, ಹೊಸ ಅಡ್ವಾನ್ಸ್, ಹಳೇ ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಕಟ್, ಬ್ರೋಕರಿಗೆ ಇನ್ನೊಂದು ತಿಂಗಳದ್ದು. ಒಂದು ಸಲ ಮನೆ ಬದಲಾಯಿಸಿದ್ರೆ 80,000 ಸಲೀಸಾಗಿ ಹೋಗುತ್ತೆ. ಮೂರು ವರ್ಷಕ್ಕೊಮ್ಮೆ ಅಂದ್ರೆ ತಿಂಗಳಿಗೆ 2,200 ಬಾಡಿಗೆಗೆ ಸೇರಿಸಿ.

ಬಡ್ಡಿಲೆಕ್ಕ:

ಒಪ್ಪಿದೆ. ಸೇರಿಸಿದರೆ 4.9% ಇದ್ದದ್ದು 4.6% ಆಗುತ್ತೆ. ತೀರ್ಮಾನ ಬದಲಾಗಲ್ಲ, ಆದರೆ ನೆಮ್ಮದಿಗೆ ಎಷ್ಟು ಬೆಲೆ ಅಂತ ಅವರವರೇ ಕಟ್ಟಿಕೊಳ್ಳಬೇಕು. ಬೆಲೆ ಏರೋದು ಗೋಡೆಗಲ್ಲ, ನೆಲಕ್ಕೆ ಅನ್ನೋದೂ ಗಮನದಲ್ಲಿರಲಿ. ಕ್ರಯಪತ್ರದಲ್ಲಿ ಅವಿಭಜಿತ ಭೂಭಾಗ (ಕಟ್ಟಡ ನಿಂತಿರೋ ನೆಲದಲ್ಲಿ ನಿಮ್ಮ ಪಾಲು) ಎಷ್ಟು ಚದರಡಿ ಅಂತ ಬರೆದಿರುತ್ತೆ. ನಾಲ್ಕು ಮಹಡಿ ಕಟ್ಟಡದಲ್ಲಿ ಅದು 20 ಮಹಡಿಯದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಹಳೆಯ ಫ್ಲಾಟ್ ಕೊಳ್ಳುವಾಗ ಮೊದಲು ಆ ಸಂಖ್ಯೆ ಕೇಳಿ.

ಸಂಪು_ಮುಚ್ಚಳ:

ಪತ್ರ ಸರಿಯಿದ್ರೆ ಕಟ್ಟಡಕ್ಕೆ ಹೋಗಿ. ಬ್ರೋಕರ್ ಕರೆದ ಭಾನುವಾರ ಮಧ್ಯಾಹ್ನ ಬೇಡ. ವಾರದ ದಿನ ಬೆಳಿಗ್ಗೆ 7ಕ್ಕೆ ಹೋಗಿ, ಸಂಪಿನ ಮುಚ್ಚಳ ತೆಗೆಸಿ. ಕಾವೇರಿ ನೀರಿನ ಮೀಟರ್ ಎಲ್ಲಿದೆ, ಓಡ್ತಿದೆಯಾ ನೋಡಿ. ಪೈಪ್ ಹಾಕಿ ನೀರೇ ಬಿಡದ ಸಂಪರ್ಕಗಳೂ ಇವೆ. ವಾಚ್‌ಮನ್ ಹತ್ರ ಟ್ಯಾಂಕರ್ ಬರೆಯೋ ಪುಸ್ತಕ ಇರುತ್ತೆ, ಮಾರ್ಚ್-ಏಪ್ರಿಲ್ ಪುಟ ತೆಗೆಸಿ.

ಲೆಕ್ಕ ಹೀಗೆ: 24 ಮನೆ, ಮನೆಗೆ 4 ಜನ, ತಲೆಗೆ 135 ಲೀಟರ್ ಅಂದ್ರೆ ದಿನಕ್ಕೆ 13,000 ಲೀಟರ್. ಬೋರ್‌ವೆಲ್ ಬತ್ತಿದ್ರೆ ತಿಂಗಳಿಗೆ 12,000 ಲೀಟರಿನ 32-33 ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ ಕಟ್ಟಿತ್ತು. ಆ ದರಕ್ಕೇ ಸಿಕ್ಕಿದ್ರೂ ಮನೆಗೆ 1,350, ಮೆಂಟೆನೆನ್ಸ್ ಮೇಲೆ ಬೇರೆ.

ಮನೆಯೊಳಗೆ ಬಚ್ಚಲಿನ ಫಾಲ್ಸ್ ಸೀಲಿಂಗ್ ಪಟ್ಟಿ ಒಂದನ್ನ ಎತ್ತಿ ಟಾರ್ಚ್ ಹಾಕಿ. ಮೇಲಿನ ಮನೆ ಬಚ್ಚಲು ಸೋರ್ತಿದ್ರೆ ಸ್ಲ್ಯಾಬಿನ ಅಡಿಗೆ, ಪೈಪ್ ತೂರಿದ ಕಡೆ ಸುತ್ತ ಬಿಳಿ ಉಪ್ಪು ಹೂ ಬಿಟ್ಟಿರುತ್ತೆ. ಒರೆಸಿದ್ರೆ ಬೆರಳಿಗೆ ಪುಡಿ ಬರುತ್ತೆ. ರಿಪೇರಿಗೆ ಮೇಲಿನವರ ಟೈಲ್ಸ್ ಒಡೀಬೇಕು, ಅವರು ಒಪ್ಪಬೇಕು. ಜಗಳದ ಮನೆ ಅದು. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ರೆ ಅಲ್ಲೇ ಅಂಗೈ ಇಟ್ಟು ತಣ್ಣಗಿದೆಯಾ ನೋಡಿ. ಬೀದಿ ಕಡೆ ಬೀಮು, ಕಂಬಗಳಲ್ಲಿ ಉದ್ದಕ್ಕೆ ಬಿರುಕು ಬಿಟ್ಟು ತುಕ್ಕಿನ ಬಣ್ಣ ಕಂಡ್ರೆ ಒಳಗೆ ಕಬ್ಬಿಣ ಊದ್ತಿದೆ ಅಂತ. ಅದಕ್ಕೆ ಬಣ್ಣ ಪರಿಹಾರ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ.

ಟೇಪ್ ತಗೊಂಡು ಹೋಗಿ. 1,150 ಅಂತ ಹೇಳಿದ್ದು ಒಳಗೆ ಅಳೆದ್ರೆ 820ರ ಆಸುಪಾಸು ಬರುತ್ತೆ. ಚದರಡಿಗೆ 6,780 ಅಂತಿದ್ದದ್ದು ಕಾಲಿಡೋ ಜಾಗಕ್ಕೆ 9,500 ಆಯ್ತು. ಎರಡು ಫ್ಲಾಟ್ ಹೋಲಿಸೋದಾದ್ರೆ ಈ ಒಳಗಿನ ಅಳತೆ ಮೇಲೇ ಹೋಲಿಸಿ. ಪಾರ್ಕಿಂಗ್ ನಂಬರ್ ಹಳೇ ಕ್ರಯಪತ್ರದಲ್ಲಿ ಬರೆದಿದೆಯಾ, ಆ ಜಾಗದಲ್ಲಿ ಈಗ ಯಾರ ಕಾರು ನಿಂತಿದೆ ಅಂತಲೂ ನೋಡ್ಕೊಳ್ಳಿ. ಸಂಘದಿಂದ ಬಾಕಿ ಇಲ್ಲ ಅನ್ನೋ ಪತ್ರ ಬರೆಸಿ.

ಎರಡನೇ_ಮಹಡಿ:

ಎಲ್ಲರಿಗೂ ನಮಸ್ಕಾರ. ಬಿ ಖಾತಾ ಕೈಬಿಟ್ಟೆ. ಭೋಗ್ಯಕ್ಕೆ ನೋಂದಣಿ ಕೇಳಿದ್ದಕ್ಕೆ ಮಾಲೀಕರು "ನೋಡೋಣ" ಅಂದಿದ್ದಾರೆ. 78 ಲಕ್ಷದವರು ಈಗ 74ಕ್ಕೆ ಬಂದಿದ್ದಾರೆ, ಆದರೆ ಭಾನುವಾರದೊಳಗೆ 2 ಲಕ್ಷ ಟೋಕನ್ ಬೇಕಂತೆ, ಬೇರೆಯವರೂ ಕೇಳ್ತಿದ್ದಾರಂತೆ. ಅವರಿಗೂ ಬ್ಯಾಂಕ್ ಸಾಲ ಇನ್ನೂ ತೀರಿಲ್ಲ. ಕೊಡಬಹುದಾ?

ಚಕ್ಕುಬಂದಿ:

74 ಆದರೂ ಕೈಯಿಂದ 14.8 ಲಕ್ಷ, ನೋಂದಣಿ 5.62, ಬ್ರೋಕರ್ 74,000, ಮಿಕ್ಕ ಖರ್ಚು ಒಂದು. 22 ಮೀರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಟೋಕನ್ 2 ಲಕ್ಷ ಹೆಚ್ಚು. ಪತ್ರಗಳ ಪ್ರತಿ ಕೊಟ್ಟ ಮೇಲೆ 25,000, ಅದೂ ಅವರ ಖಾತೆಗೆ, ರಸೀದಿ ಮೇಲೆ. ಈ ಸಾಲುಗಳನ್ನು ಹಾಗೇ ಬರೆಸಿ:

"ಈ ಮುಂಗಡವನ್ನು ದಾಖಲೆ ಪರಿಶೀಲನೆಗೆ ಒಳಪಟ್ಟು ಪಡೆದಿರುತ್ತೇನೆ. ಖರೀದಿದಾರರ ವಕೀಲರು ಅಥವಾ ಸಾಲ ನೀಡುವ ಬ್ಯಾಂಕು ಹಕ್ಕುಪತ್ರಗಳಲ್ಲಿ ದೋಷವಿದೆ ಎಂದು ತಿಳಿಸಿದಲ್ಲಿ, 7 ದಿನಗಳೊಳಗೆ ಪೂರ್ತಿ ಮೊತ್ತವನ್ನು ಯಾವುದೇ ಕಡಿತವಿಲ್ಲದೆ ಹಿಂದಿರುಗಿಸಲು ಒಪ್ಪಿರುತ್ತೇನೆ."

ಕ್ರಯದ ಕರಾರಿನಲ್ಲೂ ಇದೇ ಷರತ್ತು ಮರಳಿ ಬರಬೇಕು. ಅವರ ಸಾಲ ಬಾಕಿ ಇರುವುದು ದೋಷವಲ್ಲ. ಅವರ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಮತ್ತು ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ ತರಿಸಿ, ನಿಮ್ಮ ಬ್ಯಾಂಕು ನೇರವಾಗಿ ಆ ಸಾಲದ ಖಾತೆಗೇ ಕಟ್ಟಿ ದಾಖಲೆ ಬಿಡಿಸಿಕೊಳ್ಳಲಿ. "ನೀವು ದುಡ್ಡು ಕೊಡಿ, ನಾನು ಸಾಲ ತೀರಿಸುತ್ತೇನೆ" ಎಂಬುದಕ್ಕೆ ಒಪ್ಪಬೇಡಿ. ಆ ಪಟ್ಟಿಯಲ್ಲಿ ಮೂಲ ಕ್ರಯಪತ್ರ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ಓದಿ.

50 ಲಕ್ಷ ಮುಟ್ಟಿದ ವ್ಯವಹಾರವಾದ್ದರಿಂದ 1% ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಅವರಿಗೆ ಕೊಡುವ ಹಣದಲ್ಲಿ ನೀವೇ ಹಿಡಿದು ಕಟ್ಟಬೇಕು, 74 ಲಕ್ಷಕ್ಕೆ 74,000. ಕಂತಿನಲ್ಲಿ ಕೊಟ್ಟರೆ ಪ್ರತಿ ಕಂತಿಗೂ. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ದರವೂ ವಿಧಾನವೂ ಬೇರೆ, ಕರಾರಿಗೆ ಮೊದಲೇ ಆಡಿಟರನ್ನು ಕೇಳಿ.

ಸಂಪು_ಮುಚ್ಚಳ:

ಶನಿವಾರ ಬೆಳಿಗ್ಗೆ ಹೋಗೋದಾದ್ರೆ ಮೇಲಿನ ಮನೆಯವರನ್ನೂ ಮಾತಾಡಿಸಿ ಬನ್ನಿ. ಸೋರಿಕೆ ಇದ್ರೆ ಅವರೇ ಮೊದಲು ಬಾಯಿ ಬಿಡೋದು.